ಜಂತುಹುಳಕ್ಕೆ ಸೂಜಿಮೆಣಸು ಕುಡಿಸಬಹುದಾ? ಎಷ್ಟು ಕಾಯಿ?

ನೀವು ಕೇಳಿರೋದು ಇಷ್ಟು: ಆರು ವರ್ಷದ ಮಗ ರಾತ್ರಿ ಹಲ್ಲು ಕಡೀತಾನೆ, ಹೊಟ್ಟೆನೋವು ಅಂತಾನೆ. ಬರಿಹೊಟ್ಟೆಗೆ ಸೂಜಿಮೆಣಸು ಅರೆದು ಮಜ್ಜಿಗೇಲಿ ಕುಡಿಸಿದ್ರೆ ಹುಳ ಸತ್ತು ಬೀಳುತ್ತೆ ಅಂತ ಅತ್ತೆ ಹೇಳ್ತಾರೆ. ಎಷ್ಟು ಕಾಯಿ ಹಾಕಬೇಕು?

ಒಂದೂ ಬೇಡ.

ನಾನು ಮೂಡಿಗೆರೆ ಕಡೆಯವನು, ಲ್ಯಾಬ್‌ನಲ್ಲಿ ಮಲ ಪರೀಕ್ಷೆ ಮಾಡೋದು ನನ್ನ ಕೆಲಸ. ನಮ್ಮ ಕಡೆ ಅಕ್ಕಿರೊಟ್ಟಿ ಜೊತೆ ಸೂಜಿಮೆಣಸಿನ ಚಟ್ನಿ ಇಲ್ಲದ ಮನೆ ಕಡಿಮೆ. ಕಣ್ಣಲ್ಲಿ ನೀರು ಬರೋ ಖಾರ ದಿನಾ ತಿನ್ನೋರ ಸ್ಯಾಂಪಲ್‌ನಲ್ಲೂ ಮೊಟ್ಟೆ ಕಂಡಿದ್ದೀನಿ. ದುಂಡುಹುಳದ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಕಂದು ಬಣ್ಣಕ್ಕೆ, ಸುತ್ತಲೂ ಗುಬುಟು ಗುಬುಟಾಗಿ ಕಾಣುತ್ತೆ. ಕೊಕ್ಕೆಹುಳದ್ದು ಬೇರೆ ಥರ: ಗಾಜಿನಷ್ಟು ತೆಳು ಚಿಪ್ಪು, ಒಳಗೆ ನಾಲ್ಕೋ ಎಂಟೋ ಭಾಗವಾದ ಉಂಡೆ. ಒಂದು ಹೆಣ್ಣು ದುಂಡುಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತೆ, ಹಾಗಾಗಿ ಹುಳ ಒಂದೆರಡೇ ಇದ್ರೂ ನಮಗೆ ಸಿಕ್ಕಿಬೀಳುತ್ತೆ.

ಹಾಗಾದ್ರೆ ಮೆಣಸು ಕುಡಿದ ಮೇಲೆ ಹುಳ ಬಿತ್ತು ಅಂತ ಜನ ಹೇಳೋದು ಸುಳ್ಳಾ? ಅವರು ಸುಳ್ಳು ಹೇಳ್ತಿಲ್ಲ. ಅಷ್ಟು ಖಾರ ಹೋದ್ರೆ ಹೊಟ್ಟೆ ಕೆಟ್ಟು ಭೇದಿ ಆಗುತ್ತೆ, ಭೇದೀಲಿ ಒಂದೊಂದು ಸಲ ಹುಳ ಹೊರಗೆ ಬರುತ್ತೆ. ದುಂಡುಹುಳದ ಆಯಸ್ಸೇ ಒಂದೆರಡು ವರ್ಷ, ಮುದಿಯಾದದ್ದು ತಾನಾಗೇ ಬೀಳೋದೂ ಉಂಟು. ಅವತ್ತೇ ಮೆಣಸು ಕುಡಿಸಿದ್ರೆ ಹೆಸರು ಮೆಣಸಿಗೆ. ಇನ್ನು ಬೆಂಕಿಪೊಟ್ಟಣದಲ್ಲಿ ‘ಸತ್ತ ಹುಳ’ ಹಿಡ್ಕೊಂಡು ಲ್ಯಾಬ್‌ಗೆ ಬರೋರಿದ್ದಾರೆ. ನೀರಲ್ಲಿ ತೊಳೆದು ಗಾಜಿನ ಮೇಲೆ ಬಿಡಿಸಿದ್ರೆ ಸುರುಳಿ ಸುತ್ತಿದ ಮೆಣಸಿನಕಾಯಿ ಸಿಪ್ಪೆ, ಇಲ್ಲಾ ಬಾಳೆಹಣ್ಣಿನ ನಾರು! ಸಿಪ್ಪೆ, ಬೀಜ ಎರಡೂ ಅರಗದೆ ಹಾಗೇ ಬರ್ತವೆ. ನಿಜವಾದ ದುಂಡುಹುಳ ನೋಡಿದವರಿಗೆ ಅನುಮಾನವೇ ಬರಲ್ಲ. ಎರೆಹುಳದ ಹಾಗೆ ಉದ್ದ, ಬಿಳಿಗೆಂಪು, ಎರಡೂ ತುದಿ ಚೂಪು, ಗೇಣುದ್ದಕ್ಕಿಂತ ಹೆಚ್ಚೇ ಬೆಳೆಯುತ್ತೆ.

ಖಾರದ ವಿಚಾರಕ್ಕೆ ಬರೋಣ. ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ಅನ್ನೋ ಅಂಶ ನಮ್ಮ ನರಗಳ ತುದೀಲಿರೋ ಒಂದು ಗ್ರಾಹಕಕ್ಕೆ (ರಿಸೆಪ್ಟರ್) ಅಂಟ್ಕೊಳ್ಳುತ್ತೆ. ಅದು ಬಿಸಿ ತಾಗಿದಾಗ ಎಚ್ಚರಿಸೋ ಗ್ರಾಹಕ, ಅದಕ್ಕೇ ಬಾಯಿ ಸುಟ್ಟ ಹಾಗಾಗೋದು. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಅದನ್ನ ಗುರುತಿಸಿತು, 2021ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಹಕ್ಕಿಗಳಲ್ಲೂ ಅಂಥದೇ ಗ್ರಾಹಕ ಇದೆ, ಆದ್ರೆ ಮೆಣಸಿಗೆ ಅದು ಜಗ್ಗಲ್ಲ. ತೋಟದಲ್ಲಿ ಪಿಕಳಾರ ಹಕ್ಕಿ ಸೂಜಿಮೆಣಸಿನ ಹಣ್ಣನ್ನ ಆರಾಮಾಗಿ ನುಂಗಿ ಹಿಕ್ಕೆ ಹಾಕಿ ಹೋಗುತ್ತೆ, ನಾವ್ಯಾರೂ ನೆಡದೆ ಕಾಫಿ ಬುಡದಲ್ಲಿ ಗಿಡ ಏಳುತ್ತೆ. ಹಾಗಾಗಿ ನಮಗೆ ಉರಿದದ್ದೆಲ್ಲ ಹೊಟ್ಟೆಯೊಳಗಿನ ಹುಳಕ್ಕೂ ಉರೀಬೇಕು ಅಂತೇನಿಲ್ಲ. ಸಾಲದ್ದಕ್ಕೆ ಆ ಖಾರದ ಬಹಳಷ್ಟನ್ನ ಜಠರ, ಸಣ್ಣಕರುಳು ಬೇಗನೆ ಹೀರ್ಕೊಂಡುಬಿಡುತ್ತೆ.

ಜಂತುಹುಳಕ್ಕೆ ಕೊಡೋ ಆಲ್ಬೆಂಡಜೋಲ್ ಮಾತ್ರೆಯ ನಡತೆ ಇದಕ್ಕೆ ತದ್ವಿರುದ್ಧ. ರಕ್ತಕ್ಕೆ ಸೇರೋದು ಸ್ವಲ್ಪವೇ, ಹೆಚ್ಚಿನ ಪಾಲು ಕರುಳಲ್ಲೇ ಉಳಿಯುತ್ತೆ. ಹುಳದ ಜೀವಕೋಶದ ಒಂದು ಪ್ರೋಟೀನನ್ನ ಹಿಡಿದು, ಅದು ಸಕ್ಕರೆ ಅಂಶ ಹೀರದ ಹಾಗೆ ಮಾಡಿ ಉಪವಾಸ ಕೆಡವುತ್ತೆ.

ಅತ್ತೆಯವರನ್ನ ಆಡ್ಕೊಳ್ಳೋಕೆ ನನಗೆ ಮನಸ್ಸಿಲ್ಲ. ಹೊಟ್ಟೆಹುಳಕ್ಕೆ ಕಹಿ, ಖಾರ, ಘಾಟು ಕೊಡೋ ಪದ್ಧತಿ ಹಳೇದು. ವಾಯುವಿಳಂಗ, ಮುತ್ತುಗದ ಬೀಜ, ಓಮ ಎಲ್ಲ ಆ ಸಾಲಿನವೇ. ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂದ ಹೊಸ ನೆಂಟ, ಆ ಸಾಲಿಗೆ ಆಮೇಲೆ ಸೇರ್ಕೊಂಡಿದ್ದು. ಪರಂಗಿ ಬೀಜದ ಬಗ್ಗೆಯೂ ಕೇಳ್ತಾರೆ. ನೈಜೀರಿಯಾದಲ್ಲಿ 60 ಮಕ್ಕಳ ಮೇಲೆ ಜೇನಿನ ಜೊತೆ ಕೊಟ್ಟು ನೋಡಿದ ಸಣ್ಣ ಅಧ್ಯಯನವೊಂದು 2007ರಲ್ಲಿ ಬಂತು, ಫಲಿತಾಂಶ ಚೆನ್ನಾಗೇ ಇತ್ತು. ಆದ್ರೂ ಅಂಗನವಾಡೀಲಿ ಪುಕ್ಕಟೆ ಮಾತ್ರೆ ಸಿಗುವಾಗ ಬೀಜ ಒಣಗಿಸ್ಕೊಂಡು ಕೂರೋದು ನನಗೆ ಸರಿ ಕಾಣಲ್ಲ.

ಆರು ವರ್ಷದ ಮಗುವಿಗೆ ಅರೆದ ಸೂಜಿಮೆಣಸು ಅಂದ್ರೆ ವಾಂತಿ, ಹೊಟ್ಟೆ ನುಲಿತ. ಅಳ್ತಾ ಕುಡೀವಾಗ ಉಸಿರ್ನಾಳಕ್ಕೆ ಹೋದ್ರಂತೂ ಪ್ರಾಣಕ್ಕೇ ಅಪಾಯ. ಈಗಾಗಲೇ ಕುಡಿಸಿ ಬಾಯಿ ಉರೀತಿದ್ರೆ ನೀರು ಕೊಡಬೇಡಿ, ಹಾಲೋ ಮೊಸರೋ ಕೊಡಿ. ಆ ಖಾರ ನೀರಲ್ಲಿ ಕರಗಲ್ಲ.

ಹಲ್ಲು ಕಡಿಯೋದೊಂದನ್ನೇ ನೋಡಿ ಹುಳ ಇದೆ ಅನ್ನಕ್ಕಾಗಲ್ಲ, ಹುಳ ಇಲ್ಲದ ಮಕ್ಕಳೂ ಕಡೀತವೆ. ರಾತ್ರಿ ಹೊತ್ತು ಕೆಳಗೆ ನವೆ ಅಂತ ಕೆರ್ಕೊಂಡ್ರೆ ದಾರದ ಹುಳ ಇರಬಹುದು. ಅದಕ್ಕೆ ಮನೆಯವರೆಲ್ಲ ಒಟ್ಟಿಗೆ ಮಾತ್ರೆ ತಗೊಂಡು, ಎರಡು ವಾರ ಬಿಟ್ಟು ಮತ್ತೊಂದು ಸಲ ತಗೋಬೇಕು. ಮಣ್ಣು ತಿನ್ನೋದು, ಮುಖ ಬಿಳಿಚ್ಕೊಳ್ಳೋದು, ಆಟ ಆಡೋಕೂ ಸುಸ್ತು ಅನ್ನೋದು ಇದ್ರೆ ಮಲದ ಜೊತೆ ಹಿಮೋಗ್ಲೋಬಿನ್ ಕೂಡ ಪರೀಕ್ಷೆ ಮಾಡಿಸಿ. ನಮ್ಮ ಸೀಮೆಗೆ ಕೊಕ್ಕೆಹುಳ ಹೇಳಿ ಮಾಡಿಸಿದ್ದು. ತೋಟದ ನೆರಳು, ತೇವ, ಬೆಚ್ಚಗಿನ ಮಣ್ಣು ಅದರ ಮರಿಗೆ ತವರುಮನೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಶ್ವಾಸಕೋಶ ದಾಟಿ, ಗಂಟಲಿಗೆ ಬಂದು, ನುಂಗಿದಾಗ ಕರುಳು ಸೇರಿ ರಕ್ತ ಹೀರ್ತಾ ಕೂರುತ್ತೆ. ಇಂಬಳ ಹತ್ತದಿರಲಿ ಅಂತ ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಕೊಂಡು ಹೋಗ್ತೀವಿ. ಇಂಬಳವಾದ್ರೆ ರಕ್ತ ಕುಡಿದು ಉದುರಿ ಹೋಗುತ್ತೆ, ಇದು ವರ್ಷಗಟ್ಟಲೆ ಒಳಗೇ ಇರುತ್ತೆ. ಮಗ ಶೌಚಾಲಯ ಬಿಟ್ಟು ತೋಟಕ್ಕೆ ಹೋಗ್ತಿದ್ರೆ ಮೊದಲು ಅದನ್ನ ನಿಲ್ಲಿಸಿ, ಅಂಗಳ ದಾಟೋ ಮುಂಚೆ ಕಾಲಿಗೆ ಚಪ್ಪಲಿ ಹಾಕಿಸಿ.

ಮಾತ್ರೆಗೆ ಬಂದ್ರೆ, 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡೋ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ಇದೆ, ಸಾಮಾನ್ಯವಾಗಿ ಫೆಬ್ರವರಿ 10, ಆಗಸ್ಟ್ 10ರ ಆಸುಪಾಸು. ನಿಮ್ಮ ಮಗನಿಗೆ 400 ಮಿಲಿಗ್ರಾಂನ ಪೂರ್ತಿ ಮಾತ್ರೆ, ಒಂದು ವರ್ಷ ತುಂಬಿದ, ಎರಡು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ರೆ ಅರ್ಧ, ಪುಡಿ ಮಾಡಿ ನೀರಲ್ಲಿ. ಮಗ ಚೆನ್ನಾಗಿ ಅಗಿದು ತಿನ್ನಲಿ. ಜ್ವರ ಇದ್ದ ದಿನ ಬೇಡ. ಮಲದಲ್ಲಿ ಲಾಡಿಯಂಥ ಚಪ್ಪಟೆ ತುಂಡು ಕಂಡ್ರೆ ಅದು ಲಾಡಿಹುಳ, ಅದಕ್ಕೆ ಈ ಒಂದು ಮಾತ್ರೆ ಸಾಲದು, ಡಾಕ್ಟರ ಹತ್ರಾನೇ ಹೋಗಿ.

ಕಾರ್ಯಕ್ರಮದ ದಿನ ದೂರ ಇದ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಹೋಗುವಾಗ ಅತ್ತೆಯವರನ್ನೂ ಕರ್ಕೊಂಡು ಹೋಗಿ. ಗದ್ದೆ ನಾಟಿಗೆ ಬರಿಗಾಲಲ್ಲಿ ಇಳಿಯೋರು ಅವರೇ ಆಗಿದ್ರೆ, ಅವರ ರಕ್ತವನ್ನೂ ಒಮ್ಮೆ ನೋಡಿಸೋದು ಒಳ್ಳೇದು. ದೊಡ್ಡವರಿಗೆ ಶಾಲೇಲಿ ಯಾರೂ ಮಾತ್ರೆ ಕೊಡಲ್ಲವಲ್ಲ.