ಎಲ್ರೂ ಖುಷಿಯಾಗಿದಾರೆ, ನಂಗೆ ಮಾತ್ರ ಏನೂ ಅನ್ನಿಸ್ತಿಲ್ಲ

ಪ್ರಶ್ನೆ: ನಂಗೆ 29 ವರ್ಷ, ಈಗ ಆರನೇ ತಿಂಗಳು. ಬೇಕು ಬೇಕು ಅಂತಾನೇ ಆಗಿದ್ದು, ಆದ್ರೂ ಎರಡು ತಿಂಗಳಿಂದ ಯಾವುದ್ರಲ್ಲೂ ಮನಸ್ಸಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮುಗೀತು, ಮತ್ತೆ ನಿದ್ದೆ ಇಲ್ಲ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ. ಸ್ಕ್ಯಾನ್ ಫೋಟೋ ನೋಡೋಕಾಗದೆ ಡ್ರಾಯರಲ್ಲಿ ಬೋರಲು ಹಾಕಿಟ್ಟಿದೀನಿ. ಮೊದ್ಲಿಂದ ಡಿಪ್ರೆಶನ್‌ಗೆ ಮಾತ್ರೆ ತಗೋತಿದ್ದೆ, ಪ್ರೆಗ್ನೆಂಟ್ ಅಂತ ಗೊತ್ತಾದ ದಿನಾನೇ ಹೆದರಿ ನಿಲ್ಲಿಸ್ಬಿಟ್ಟೆ, ಯಾರಿಗೂ ಹೇಳಿಲ್ಲ ಸಾರಿ. ನೀನು ಹಿಂಗೇ ಅಳ್ತಿದ್ರೆ ಮಗೂನೂ ಅಳುಬುರುಕ ಆಗುತ್ತೆ ಅಂತಾರೆ ಅತ್ತೆ. ಕೆಲವು ಸಲ ಬೆಳಗ್ಗೆ ಏಳದೇ ಇದ್ರೇ ಚೆನ್ನಾಗಿತ್ತು ಅನ್ಸುತ್ತೆ. ಸಾರಿ. ನಾನು ಕೆಟ್ಟ ತಾಯೀನಾ?

ಉತ್ತರ: ಇಷ್ಟು ಚಿಕ್ಕ ಪತ್ರದಲ್ಲಿ ಎರಡು ಸಲ ಸಾರಿ ಕೇಳಿದೀರ ಕಣ್ರೀ, ಯಾರಿಗೆ, ಯಾತಕ್ಕೆ?

ಮೊದ್ಲು ಆ ಕೊನೇ ಮಾತು. ಏಳದೇ ಇದ್ರೆ ಅನ್ನೋ ಯೋಚನೆ ಬಂದು ಹೋಗ್ತಿದ್ಯಾ, ಇಲ್ಲಾ ಹೆಂಗೆ ಏನು ಮಾಡ್ಕೋಬೇಕು ಅಂತಾನೂ ತಲೇಲಿ ಓಡ್ತಿದ್ಯಾ? ಎರಡನೇದಾದ್ರೆ ಮುಂದೆ ಓದ್ಬೇಡಿ, ಗಂಡನ್ನ ಕರೆದು ಹೇಳಿ, ಹತ್ತಿರದ ಆಸ್ಪತ್ರೆ ಎಮರ್ಜೆನ್ಸಿಗೆ ಈಗ್ಲೇ ಹೋಗಿ, ಒಬ್ರೇ ಇರ್ಬೇಡಿ. ಮೊದಲನೇದೇ ಆದ್ರೂ ಮುಂದಿನ ಚೆಕಪ್ ತನಕ ಕಾಯೋ ವಿಷಯ ಅಲ್ಲ, ನಾಳೇನೇ ಡಾಕ್ಟರ್‌ಗೆ ಫೋನ್ ಮಾಡಿ.

ಕೆಟ್ಟ ತಾಯಿ ಅಲ್ಲ ನೀವು. ನೀವು ಬರ್ದಿರೋದೆಲ್ಲ ಡಿಪ್ರೆಶನ್ ಥರಾನೇ ಕಾಣ್ಸುತ್ತೆ. ಗರ್ಭಿಣಿಯರಲ್ಲಿ ಸುಮಾರು 100ಕ್ಕೆ 10 ಜನಕ್ಕೆ ಮಾನಸಿಕ ಕಾಯಿಲೆ ಕಾಡುತ್ತೆ, ಅದ್ರಲ್ಲಿ ಹೆಚ್ಚಿನದು ಡಿಪ್ರೆಶನ್ನೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಜನಕ್ಕೆ ಬಾಣಂತಿ ಡಿಪ್ರೆಶನ್ ಗೊತ್ತು, ಬಸುರಲ್ಲೇ ಶುರುವಾಗೋದು ಗೊತ್ತಿಲ್ಲ, ಯಾಕಂದ್ರೆ ಸುಸ್ತು, ನಿದ್ದೆ ಇಲ್ಲ, ಊಟ ಸೇರಲ್ಲ ಅಂದ್ರೆ ಅಯ್ಯೋ ಈ ಟೈಮಲ್ಲಿ ಇದೆಲ್ಲಾ ಮಾಮೂಲಿ ಅಂದ್ಬಿಡ್ತಾರೆ. ಬರೀ ಸುಸ್ತಾದ್ರೆ ರೆಸ್ಟ್ ಸಿಕ್ಕಾಗ ಒಂಚೂರಾದ್ರೂ ಗೆಲುವು ಬರುತ್ತೆ, ಎರಡು ವಾರ ದಾಟಿದ್ರೂ ಯಾವುದೂ ಮನಸ್ಸಿಗೆ ತಾಕ್ತಿಲ್ಲ ಅಂದ್ರೆ ಅದು ಬೇರೆ. ಥೈರಾಯ್ಡು, ಹಿಮೋಗ್ಲೋಬಿನ್ನೂ ನೋಡಿಸ್ಕೊಳ್ಳಿ, ಅವೂ ಹಿಂಗೇ ಆಡಿಸ್ತವೆ.

ಅತ್ತೆ ಮಾತಿಗೆ ಬರ್ತೀನಿ. ತಾಯಿ ಅತ್ತಳು ಅಂತ ಮಗು ಅಳುಬುರುಕ ಆಗಲ್ಲ. ಹಾಂ, ತೀವ್ರವಾದ ಡಿಪ್ರೆಶನ್ನಿಗೆ ಚಿಕಿತ್ಸೇನೇ ಸಿಗದಿದ್ರೆ ಅವಧಿಗೆ ಮುಂಚೆ ಹೆರಿಗೆ, ಮಗು ತೂಕ ಕಮ್ಮಿ ಆಗೋ ಸಾಧ್ಯತೆ ಸ್ವಲ್ಪ ಜಾಸ್ತಿ. ಇದನ್ನ ಹೇಳೋಕೇ ಹಿಂದುಮುಂದು ನೋಡ್ದೆ, ನೀವು ಇದನ್ನೂ ನಿಮ್ಮ ತಪ್ಪಿನ ಲೆಕ್ಕಕ್ಕೇ ಸೇರಿಸ್ಕೋತೀರ ಅಂತ. ಮಾತ್ರೆ ಅಂದ್ರೆ ಮಗೂಗೆ ತೊಂದ್ರೆ, ಮಾತ್ರೆ ಬಿಟ್ರೆ ಕ್ಷೇಮ ಅನ್ನೋ ಲೆಕ್ಕ ತಪ್ಪು, ಅಷ್ಟು ಹೇಳೋಕಷ್ಟೇ ಇದನ್ನ ತೆಗೆದೆ.

ಹೆದರಿ ಮಾತ್ರೆ ನಿಲ್ಸಿದ್ದು ಅರ್ಥ ಆಗುತ್ತೆ, ತುಂಬಾ ಜನ ಮಾಡೋದೇ. ಹಂಗಂತ ಉಳಿದಿರೋ ಸ್ಟ್ರಿಪ್ಪು ಹುಡುಕಿ ನೀವೇ ಮತ್ತೆ ಶುರು ಮಾಡ್ಬೇಡಿ. ಫಿಟ್ಸಿಗೆ, ಮೂಡ್ ಏರುಪೇರಿಗೆ ಕೊಡೋ ವಾಲ್ಪ್ರೊಯೇಟ್ ಥರದ್ದು ಗರ್ಭಿಣಿಯರಿಗೆ ಆಗಲ್ಲ, ಡಿಪ್ರೆಶನ್‌ಗೆ ಕೊಡೋ ಸರ್ಟ್ರಲೀನ್ ಥರದ್ದನ್ನ ಬೇಕು ಅನ್ಸಿದ್ರೆ ಡಾಕ್ಟರೇ ಕೊಡ್ತಾರೆ. ಕೆಲವರಿಗೆ ಸಿಬಿಟಿ (ಯೋಚನೆ, ನಡವಳಿಕೆ ರೀತಿ ಬದಲಾಯಿಸೋಕೆ ಕಲಿಸೋದು) ಥರದ ಮಾತಿನ ಚಿಕಿತ್ಸೆ ಸಾಕಾಗುತ್ತೆ. ನಿಮಗೆ ಮೊದ್ಲೇ ಇತ್ತಲ್ಲ, ಅದಕ್ಕೆ ಸೈಕಿಯಾಟ್ರಿಸ್ಟೇ ನೋಡ್ಲಿ.

ಕಷ್ಟ ಇರೋದು ಬಾಯಿ ಬಿಡೋದ್ರಲ್ಲಿ. ಬಿಪಿ ನೋಡ್ತಾರೆ, ತೂಕ ನೋಡ್ತಾರೆ, ಮಗು ಎದೆಬಡಿತ ಕೇಳ್ತಾರೆ, ಮತ್ತೇನಾದ್ರೂ ತೊಂದ್ರೆ ಇದ್ಯಾ ಅಂದ್ರೆ ಇಲ್ಲ ಡಾಕ್ಟ್ರೇ ಅಂತ ಎದ್ದು ಬಂದ್ಬಿಡ್ತೀವಿ. ಅದಕ್ಕೇ ನೀವು ನಂಗೆ ಬರ್ದಿದ್ದನ್ನೇ ಸಾರಿ ತೆಗೆದು ಫೋನಲ್ಲಿ ಸೇವ್ ಮಾಡ್ಕೊಳ್ಳಿ, ಮಾತಾಡ್ಬೇಡಿ, ಫೋನನ್ನೇ ಅವರ ಕೈಗೆ ಕೊಟ್ಬಿಡಿ. ಡಿಪ್ರೆಶನ್ ಲಕ್ಷಣ ಇದ್ಯಾ ಅಂತ ನೋಡೋಕೆ ಎಡಿನ್‌ಬರೋ ಸ್ಕೇಲ್ ಅಂತ 1987ರಿಂದ ಇದೆ, ಕಳೆದ 7 ದಿನ ಹೆಂಗಿದ್ರಿ ಅಂತ 10 ಪ್ರಶ್ನೆ, ಬಸುರಲ್ಲೂ ಬಳಸ್ತಾರೆ, ಅದನ್ನ ಮಾಡ್ಸಿ ಅಂತ ಕೇಳಿ. ಹತ್ತನೇ ಪ್ರಶ್ನೆ ನೀವು ಕೊನೇಲಿ ಬರ್ದಿದ್ದಕ್ಕೆ ಹತ್ತಿರದ್ದೇ, ಅಂದ್ರೆ ಅಂಥ ಯೋಚನೆ ನಿಮ್ಮೊಬ್ರಿಗೇ ಬಂದಿದ್ದಲ್ಲ.

ಫೋಟೋ ಡ್ರಾಯರಲ್ಲೇ ಇರ್ಲಿ ಬಿಡಿ, ನೋಡ್ಲೇಬೇಕು ಅಂತೇನಿಲ್ಲ. ಇವತ್ತು ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಬಾತ್‌ರೂಮಿಗೆ ಹೋಗೋ ಮುಂಚೆ ಗಂಡನ್ನ ಎಬ್ಬಿಸಿ, ನಿದ್ದೆ ಕೆಟ್ರೆ ಕೆಡ್ಲಿ.