ನಿಮ್ಮ ಲಿಗೆಟಿ ಲೇಖನದಲ್ಲಿ ಸಂಗೀತ ಎಲ್ಲಿ?

ನಮಸ್ಕಾರ,

ಹಂಗೇರಿಯ ಸಂಗೀತ ಸಂಯೋಜಕ ಜ್ಯೋರ್ಜ್ ಲಿಗೆಟಿ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇನ್ನೊಮ್ಮೆ ಕೂತು ಬರೆದರೆ ಇದು ಒಳ್ಳೆಯ ಲೇಖನವಾಗುತ್ತದೆ.

ಮೊದಲ ಅರ್ಧ ಬರೀ ಇಸವಿಗಳು. 1923ರಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದರು, ಬುಡಾಪೆಸ್ಟಿನಲ್ಲಿ ಓದಿದರು, ಸೋವಿಯತ್ ಹಿಡಿತದ ವಿರುದ್ಧ ಹಂಗೇರಿಯಲ್ಲೆದ್ದ 1956ರ ದಂಗೆ ಅಡಗಿದ ಮೇಲೆ ವಿಯೆನ್ನಾಕ್ಕೆ ತಪ್ಪಿಸಿಕೊಂಡು ಹೋದರು, 2006ರಲ್ಲಿ ಅಲ್ಲೇ ತೀರಿಕೊಂಡರು. ಎಲ್ಲ ಸರಿ. ಆದರೆ ಅವರ ಸಂಗೀತ ಕಿವಿಗೆ ಹೇಗಿರುತ್ತದೆ ಅಂತ ಒಂದು ಸಾಲೂ ಇಲ್ಲ. 'ಅದ್ಭುತ', 'ಅಲೌಕಿಕ' ಅನ್ನುವ ಮಾತನ್ನು ಯಾರ ಸಂಗೀತಕ್ಕೆ ಬೇಕಾದರೂ ಹಚ್ಚಬಹುದು, ಅಲ್ವಾ?

ಪಿಯಾನೊಗೆ ಬರೆದ 'ಮ್ಯೂಸಿಕಾ ರಿಚೆರ್ಕಾಟಾ'ವನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಲ್ಲಬೇಕಾದ ಜಾಗ ಅದೇ. 1951ರಿಂದ 1953ರ ನಡುವೆ ಬರೆದ 11 ಪುಟ್ಟ ರಚನೆಗಳು ಅವು. ಮೊದಲನೆಯದರಲ್ಲಿ ಕೊನೆಯವರೆಗೂ ಒಂದೇ ಸ್ವರ. ಅದನ್ನೇ ಮೇಲಿನ ಸ್ಥಾಯಿಯಲ್ಲಿ, ಕೆಳಗಿನ ಸ್ಥಾಯಿಯಲ್ಲಿ, ಮೆಲ್ಲಗೆ, ಜೋರಾಗಿ, ಲಯ ಬದಲಿಸುತ್ತಾ ನುಡಿಸುತ್ತಾ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ಎರಡನೇ ಸ್ವರ ಬರುತ್ತದೆ. ಮುಂದಿನದಕ್ಕೆ ಮೂರು ಸ್ವರ. ಹೀಗೇ ಒಂದೊಂದು ಸೇರಿ ಕೊನೆಯದರಲ್ಲಿ 12.

ಎರಡನೇ ರಚನೆಯನ್ನು ಕೇಳಿ. ಅಕ್ಕಪಕ್ಕದ ಎರಡು ಸ್ವರಗಳು ನಿಧಾನಕ್ಕೆ ಹಿಂದೆ ಮುಂದೆ ಓಲಾಡುತ್ತವೆ. ಆಮೇಲೆ ಮೂರನೆಯ ಸ್ವರ ಒಂಟಿಯಾಗಿ ಬಂದು, ಮತ್ತೆ ಮತ್ತೆ ಬಡಿದು, ವೇಗ ಹೆಚ್ಚಿಸಿಕೊಳ್ಳುತ್ತದೆ. 'ಸ್ಟಾಲಿನ್ ಎದೆಗೆ ಇರಿದ ಚಾಕು' ಅಂತ ಲಿಗೆಟಿ ಹೇಳಿದ್ದನ್ನು ನೀವು ಎತ್ತಿ ಬರೆದಿದ್ದೀರಿ, ಆದರೆ ಆ ಚಾಕು ಈ ಸ್ವರ ಅಂತ ಓದುಗರಿಗೆ ಹೇಳಿಲ್ಲ! ಈ 11ರಲ್ಲಿ ಆರನ್ನು ಲಿಗೆಟಿಯವರೇ ಗಾಳಿವಾದ್ಯಗಳಿಗೆ ಒಗ್ಗಿಸಿದ್ದರು. 1956ರ ಪ್ರದರ್ಶನದಲ್ಲಿ ಆ ಆರರ ಪೈಕಿ ಕೊನೆಯದನ್ನು ನುಡಿಸಲಿಲ್ಲ, ಅದರ ಅಪಸ್ವರ ಅಂದಿನ ಆಡಳಿತಕ್ಕೆ ಜಾಸ್ತಿಯಾಗಿತ್ತು. ಕಮ್ಯುನಿಸ್ಟ್ ದಬ್ಬಾಳಿಕೆ ಬಗ್ಗೆ ನೀವು ಬರೆದ ಇಡೀ ಪ್ಯಾರಾ ತೆಗೆದು ಇದೊಂದನ್ನು ಹಾಕಿ.

ಇನ್ನು 'ನೋವೇ ನಾದವಾಯಿತು' ಅನ್ನುವ ಭಾಗ. ಅವರದು ಯಹೂದಿ ಕುಟುಂಬ. ತಮ್ಮ ಗಾಬೊರ್ ಮೌಟ್‌ಹೌಸೆನ್ ಶಿಬಿರದಲ್ಲಿ ಸತ್ತ, ತಂದೆಯೂ ನಾಜಿಗಳ ಶಿಬಿರದಲ್ಲೇ ಹೋದರು, ತಾಯಿ ಮಾತ್ರ ಆಶ್‌ವಿಟ್ಸ್‌ನಿಂದ ಬದುಕಿ ಬಂದರು. ಇದನ್ನು ಇಷ್ಟೇ ಬರೆಯಿರಿ. ಇದರಿಂದಲೇ 'ಆಟ್ಮೋಸ್ಫಿಯರ್ಸ್' ಅನ್ನುವ ಆರ್ಕೆಸ್ಟ್ರಾ ಕೃತಿ ಹುಟ್ಟಿತು ಅಂತ ಸುಮ್ನೆ ಗಂಟು ಹಾಕಬೇಡಿ, ಸತ್ತವರಿಗೂ ಅದು ನ್ಯಾಯವಲ್ಲ. 1961ರ ಆ ಕೃತಿಯಲ್ಲಿ ಹಾಡಿಕೊಳ್ಳುವಂಥ ಧಾಟಿ ಇಲ್ಲ, ತಾಳ ಹಾಕುವಂಥ ಲಯವೂ ಇಲ್ಲ. ತಂತಿವಾದ್ಯದ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲು ಬರೆದಿದ್ದಾರೆ, ಒಟ್ಟಿಗೆ ಕೇಳುವಾಗ ಯಾವುದೂ ಬಿಡಿಯಾಗಿ ಸಿಗುವುದಿಲ್ಲ, ನಾದದ ಬಣ್ಣ ಮಾತ್ರ ಬದಲಾಗುತ್ತಾ ಇರುತ್ತದೆ. ಜರ್ಮನಿಯ ಕಲೋನ್‌ನ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಕೂರಿಸುವುದನ್ನು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ನೀವು ಕೊಟ್ಟ ತಂಬೂರಿಯ ಹೋಲಿಕೆ ಬೇಡ. ತಂಬೂರಿ ಆಧಾರ ಶ್ರುತಿ ಕೊಡುತ್ತದೆ, ಇಲ್ಲಿ ಆಧಾರ ಅನ್ನುವುದೇ ಇಲ್ಲ.

ಒಂದು ತಪ್ಪನ್ನು ಖಂಡಿತ ತಿದ್ದಬೇಕು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಅವರ 1968ರ ಬಾಹ್ಯಾಕಾಶದ ಸಿನಿಮಾ '2001: ಎ ಸ್ಪೇಸ್ ಒಡಿಸ್ಸಿ'ಗೆ ಲಿಗೆಟಿ ಸಂಗೀತ ಕೊಡಲಿಲ್ಲ. ಅದಾಗಲೇ ಇದ್ದ ಕೃತಿಗಳನ್ನು, ಅವರನ್ನು ಕೇಳದೆ ಬಳಸಿಕೊಂಡರು.

ಪ್ರಶಸ್ತಿಗಳ ಪಟ್ಟಿ ತೆಗೆಯಿರಿ. ಆ ಜಾಗದಲ್ಲಿ 1985ರಿಂದ ಬರೆದ 18 ಪಿಯಾನೊ ಎಟ್ಯೂಡ್‌ಗಳ (ಕೈಚಳಕ ಪಳಗಿಸುವ ಪುಟ್ಟ ರಚನೆಗಳ) ಪೈಕಿ ಒಂದನ್ನು ಆರಿಸಿ, ಎರಡು ಕೈಗಳು ಎಲ್ಲಿ ಜೊತೆ ತಪ್ಪುತ್ತವೆ ಅಂತ ಕೇಳಿ ಬರೆಯಿರಿ. ಮುಂದಿನ ತಿಂಗಳೊಳಗೆ ಕಳಿಸಿದರೆ ನಾನೇ ಓದುತ್ತೇನೆ.