ನಾಯಿ ಹೋದ್ಮೇಲೆ ಕನೂ (ಹುಟ್ಟು ಹಾಕೋ ಸಣ್ಣ ದೋಣಿ) ಟ್ರಿಪ್ ಹೋಗೋದಾ ಬೇಡ್ವಾ ಅಂತ ಕೇಳಿದ್ರಲ್ಲ, ಅದಕ್ಕೆ

ಮೇಡಂ, ನಿಮ್ಮ ಪೋಸ್ಟ್ ಓದಿ ಹೊಟ್ಟೆ ಕಿವುಚಿದಂಗಾಯ್ತು. ಹನ್ನೊಂದು ವರ್ಷದ ಲ್ಯಾಬ್ರಡಾರ್ ನಾಯಿ ಮಾರ್ಚಲ್ಲಿ ಹೋಯ್ತು, ಜುಲೈಗೆ ಕೆನಡಾದ ಒಂಟಾರಿಯೋದಲ್ಲಿರೋ ಅಲ್ಗಾಂಕ್ವಿನ್ ಪಾರ್ಕಲ್ಲಿ ಓಪಿಯಾಂಗೋ ಲೇಕ್ ಬುಕ್ ಆಗಿದೆ, ಮನೇಲಿರೋ ಚಿಕ್ಕ ನಾಯೀನ ಕರ್ಕೊಂಡ್ ಹೋಗೋದಾ ಇಲ್ಲ ಕ್ಯಾನ್ಸಲ್ ಮಾಡೋದಾ ಅಂತ ಕೇಳಿದೀರಿ. ಖಂಡಿತ ಹೋಗಿ. ಆದ್ರೆ ಜಾಗ ಬದಲಾಯಿಸಿ. ಓಪಿಯಾಂಗೋ ಆ ಪಾರ್ಕಲ್ಲೇ ದೊಡ್ಡ ಲೇಕ್, ಮಧ್ಯಾಹ್ನ ಗಾಳಿ ಎದ್ರೆ ಅಲೆ ಜೋರು, ಮೊದಲ್ನೇ ಸಲ ಕನೂ ಹತ್ತೋ ನಾಯಿಗೆ ಅದು ಬೇಡ. ಅದೇ ಪಾರ್ಕಲ್ಲಿ ಕನೂ ಲೇಕ್ ಅನ್ನೋ ಕೆರೆಯಿಂದ ಜೋ ಲೇಕ್ ಕಡೆ ಹೋಗಿ, ಮಧ್ಯೆ ದೋಣಿ ಹೊತ್ಕೊಂಡ್ ನಡೆಯೋ ಪೋರ್ಟೇಜ್ 300 ಮೀಟರ್ ಒಳಗೇ ಮುಗಿಯುತ್ತೆ. ಹಳೇ ನಾಯಿ ಜೊತೆ ಇದ್ದ ಅದೇ ಸೈಟಲ್ಲಿ ಟೆಂಟ್ ಹಾಕೋ ಕಷ್ಟಾನೂ ಈ ವರ್ಷಕ್ಕೆ ತಪ್ಪುತ್ತೆ.

ಚಿಕ್ಕದಕ್ಕೆ ಈಗಿಂದ್ಲೇ ಶುರು ಮಾಡಿ. ಕನೂನ ಮನೆ ಹಿಂದಿನ ಹುಲ್ಲಿನ ಮೇಲಿಟ್ಟು ಹತ್ತೋದು, ಮಲಗೋದು, ಹೇಳಿದ್ಮೇಲೇ ಇಳಿಯೋದು, ಇಷ್ಟೇ ದಿನಾ ಸ್ವಲ್ಪ ಸ್ವಲ್ಪ. ಕೆವ್ಲಾರ್ ಅನ್ನೋ ಹಗುರ ನಾರಿಂದ ಮಾಡಿದ ಕನೂ ತಳ ಜಾರುತ್ತೆ, ಕಾಲು ಜಾರಿದ ನಾಯಿ ಎದ್ದು ನಿಲ್ಲುತ್ತೆ, ಅದು ನಿಂತ್ರೆ ಕನೂ ವಾಲುತ್ತೆ, ಅದಕ್ಕೇ ಹಳೇ ಯೋಗಾ ಮ್ಯಾಟ್ ಕತ್ತರಿಸಿ ಹಾಸಿಬಿಡಿ, ಮನೇಲಿ ಅದ್ರ ಮೇಲೇ ಮಲಗಿ ಅಭ್ಯಾಸ ಆಗ್ಲಿ. ಲೈಫ್ ಜಾಕೆಟ್ ಕಾನೂನು ಕೇಳೋದು ಮನುಷ್ಯರಿಗೆ ಮಾತ್ರ, ಆದ್ರೂ ನಾಯಿಗೂ ಹಾಕಿ, ಬೆನ್ನ ಮೇಲೆ ಹಿಡಿಕೆ ಇರೋದೇ ತಗೊಳ್ಳಿ, ನೀರಿಗೆ ಬಿದ್ರೆ ಮೇಲೆತ್ತೋಕೆ ಅದೇ ಗತಿ. ನೀರಲ್ಲಿರೋವಾಗ ನಾಯಿ ಕಟ್ಟೋ ಹಗ್ಗ, ಅದೇ ಲೀಶ್‌ನ, ಕನೂಗೆ ಯಾವತ್ತೂ ಕಟ್ಬೇಡಿ, ಮಗುಚಿದ್ರೆ ನಾಯಿ ಕೆಳಗೆ ಸಿಕ್ಕಾಕೊಳ್ಳುತ್ತೆ. ದಡದಲ್ಲಿ ಮಾತ್ರ ಲೀಶ್ ಬೇಕೇ ಬೇಕು, ಒಂಟಾರಿಯೋ ಪಾರ್ಕ್‌ಗಳಲ್ಲಿ 2 ಮೀಟರಿಗಿಂತ ಉದ್ದ ಇರಂಗಿಲ್ಲ, ಬಿಟ್ಟ ನಾಯಿ ಕರಡಿ ಹಿಂದೆ ಹೋಗಿ ಕರಡೀನ ನಿಮ್ಮ ಟೆಂಟಿಗೇ ಕರ್ಕೊಂಡ್ ಬರಬಹುದು, ಮುಳ್ಳುಹಂದಿ ಸಿಕ್ರಂತೂ ಮೂತಿ ತುಂಬ ಮುಳ್ಳು.

ಪಾರ್ಕಿನ ಒಳಗೆ, ಕನೂಲೋ ನಡೆದೋ ಮಾತ್ರ ಮುಟ್ಟೋ ಸೈಟ್‌ಗಳಿಗೆ ಡಬ್ಬಿ ಬಾಟ್ಲಿ ಆಹಾರ ಒಯ್ಯೋ ಹಾಗಿಲ್ಲ, ಹಾಗಾಗಿ ನಾಯಿಗೂ ಒಣ ಫುಡ್ಡೇ, ರಾತ್ರಿ ಅದೂ ನಿಮ್ಮ ಊಟದ ಜೊತೆ ಬ್ಯಾರೆಲಲ್ಲೋ ಮರಕ್ಕೆ ತೂಗಿಹಾಕೋ ಚೀಲದಲ್ಲೋ ಇರ್ಬೇಕು. ಸೊಳ್ಳೆಗೆ ನೀವು ಹಚ್ಚೋ ಡೀಟ್ ನಾಯಿಗೆ ವಿಷ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂಗೆ ಪಾಚಿ ಕಂಡ್ರೆ ಆ ನೀರು ಮುಟ್ಟೋಕೂ ಬಿಡ್ಬೇಡಿ, ಅದು ನಾಯಿ ಲಿವರ್ ಹಾಳು ಮಾಡಿ ಕೊಲ್ಲಬಹುದು. ರಕ್ತ ಹೀರೋ ಉಣ್ಣಿ ಹುಡುಕೋದು ದಿನಾ ಸಂಜೆ, ಕಿವಿ ಸಂದಿ, ಕಂಕುಳು, ಬೆರಳ ಮಧ್ಯೆ.

ಇನ್ನು ನೀವು ನಿಜವಾಗ್ಲೂ ಕೇಳಿದ್ದು, ಅದಿಲ್ಲದೆ ಹೋದ್ರೆ ದುಃಖ ತಡ್ಕೊಳ್ಳೋಕಾಗುತ್ತಾ ಅಂತ. ದುಃಖ ಬರೋದು ಫೋಟೋ ನೋಡಿದಾಗ್ಲೇ ಅಂತಿಲ್ಲ, ಕೈ ಮಾಡೋ ಕೆಲಸದಲ್ಲಿ ಬರುತ್ತೆ. ನಮ್ಮ ನಾಯಿ ಕರಿಯ 30 ಕೆಜಿ ಇದ್ದ, ನಾನು ಒಬ್ನೇ ಹೋಗೋವಾಗ ಮುಂದ್ಗಡೆ ಮಲಗ್ತಿದ್ದ. ಅವನು ಹೋದ್ಮೇಲೆ ಮೊದಲ್ನೇ ಸಲ ಕನೂ ನೀರಿಗಿಳಿಸ್ದಾಗ ಅದರ ಮುಂದಿನ ತುದಿ ಮೇಲೆದ್ದು ಗಾಳಿಗೆ ತಿರುಗ್ತಾನೇ ಇತ್ತು, ಎಷ್ಟು ಹುಟ್ಟು ಹಾಕಿದ್ರೂ ಸೀದಾ ಹೋಗ್ಲಿಲ್ಲ. ಅವನ ತೂಕ ಅಲ್ಲಿಲ್ಲ ಅಂತ ಮೈಗೆ ಗೊತ್ತಾಗಿದ್ದು ಆಗ್ಲೇ. ದಡಕ್ಕೆ ಹೋಗಿ ಚೆನ್ನಾಗಿ ಅತ್ತೆ, ಆಮೇಲೆ ಊಟದ ಬ್ಯಾರೆಲ್ ಮುಂದಕ್ಕಿಟ್ಟೆ, ಕನೂ ಸಮ ಆಯ್ತು. ನಿಮಗೂ ಇಂಥದ್ದೊಂದು ಆಗುತ್ತೆ, ಆದಾಗ ದಡಕ್ಕೆ ಹೋಗಿ, ಅವಸರ ಮಾಡ್ಬೇಡಿ. ಚಿಕ್ಕದು ಹಳೇದರ ಥರ ಇರ್ಬೇಕು ಅಂತ ಮಾತ್ರ ಕಾಯ್ಬೇಡಿ, ಅದಕ್ಕೆ ಅದರದೇ ಜಾಗ ಕೊಡಿ.

ಹಳೇ ನಾಯಿಗೆ ಸಾಯಿಸೋ ಇಂಜೆಕ್ಷನ್ ಬೇಗ ಕೊಡಿಸ್ಬಿಟ್ವಾ ಅಂತ ಯಜಮಾನ್ರು ಕೊರಗ್ತಿದಾರೆ ಅಂದ್ರಿ. ಆಲಿಸ್ ವಿಲಾಲೊಬೋಸ್ ಅಂತ ಅಮೆರಿಕದ ಪ್ರಾಣಿ ಡಾಕ್ಟ್ರು ಒಬ್ರು, ಆ ಹೊತ್ತು ಬಂತಾ ಅಂತ ನೋಡೋಕೇ ಒಂದು ಪಟ್ಟಿ ಮಾಡಿದಾರೆ, ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಆಮೇಲೆ ಒಳ್ಳೇ ದಿನ ಜಾಸ್ತಿನಾ ಕೆಟ್ಟ ದಿನ ಜಾಸ್ತಿನಾ. ನೀವು ಬರೆದ ಹಾಗೆ ಎದ್ದು ನಿಲ್ಲೋಕಾಗ್ದೆ, ನೀರೂ ಕುಡೀದೆ ಇದ್ದ ನಾಯಿಗೆ ಅದು ಬೇಗ ಅಲ್ಲ. ಆ ಔಷಧಿ ಪ್ರಜ್ಞೆ ತಪ್ಪಿಸಿದ್ಮೇಲೇ ಹೃದಯ ನಿಲ್ಲಿಸೋದು, ಇದನ್ನ ಅವರಿಗೆ ಹೇಳಿ. ಮಗೂಗೆ "ಮಲಗಿದೆ" ಅನ್ಬೇಡಿ, ಸತ್ತೋಯ್ತು ಅಂತ್ಲೇ ಹೇಳಿ, ಇಲ್ದಿದ್ರೆ ರಾತ್ರಿ ನಿದ್ದೆ ಮಾಡೋಕೇ ಹೆದರುತ್ತೆ. ಊರಿಂದ ಫೋನ್ ಮಾಡೋರು ನಾಯಿ ತಾನೆ, ಇನ್ನೊಂದು ತಂದ್ರಾಯ್ತು ಅಂತಾರೆ, ಅವ್ರ ಹತ್ರ ವಾದ ಬೇಡ, ಇಲ್ಲಿ ಬಂದು ಬರೀರಿ, ನಾವೆಲ್ಲ ಓದ್ತೀವಿ.

ಚಿಕ್ಕದರ ತೂಕ ಎಷ್ಟು, ಕನೂ ಎಷ್ಟು ಅಡಿ, ಎಷ್ಟು ಜನ ಕೂರ್ತೀರಿ ಅಂತ ಹಾಕಿ, ಅದನ್ನ ಎಲ್ಲಿ ಕೂರಿಸ್ಬೇಕು ಅಂತ ಹೇಳ್ತೀನಿ.